ಸೂಜಿಯೋ, ಕಷಾಯವೋ? ಚೀನೀ ಚಿಕಿತ್ಸೆಗೆ ಹೊರಟವರಿಗೊಂದು ಮಾರ್ಗದರ್ಶಿ

ಬೆನ್ನುನೋವೆಂದು ಅಕ್ಯುಪಂಕ್ಚರ್ ಕೇಂದ್ರಕ್ಕೆ ಹೋದವರು ಎಷ್ಟೋ ಸಲ ಕೈಯಲ್ಲೊಂದು ಗಿಡಮೂಲಿಕೆಯ ಪೊಟ್ಟಣವನ್ನೂ ಹಿಡಿದು ಹೊರಬರುತ್ತಾರೆ. ಒಂದೇ ಕೋಣೆ, ಒಬ್ಬರೇ ಚಿಕಿತ್ಸಕರು, ಒಂದೇ ಬಿಲ್ಲು. ಹಾಗಾಗಿ ಎರಡೂ ಒಂದೇ ಚಿಕಿತ್ಸೆಯ ಎರಡು ಭಾಗಗಳೆಂದು ರೋಗಿಗೆ ಅನ್ನಿಸುವುದು ಸಹಜ. ಚೀನೀ ವೈದ್ಯಪದ್ಧತಿಯ ಒಳಗೆ ನಿಂತು ನೋಡಿದರೆ ಅದು ನಿಜವೂ ಹೌದು. ನಿಮ್ಮ ಮೈಯ ಕಡೆಯಿಂದ ನೋಡಿದಾಗ ಮಾತ್ರ ಇವೆರಡಕ್ಕೂ ಬಹಳ ಅಂತರವಿದೆ. ಸೂಜಿ ಇಪ್ಪತ್ತು ಮೂವತ್ತು ನಿಮಿಷ ಚರ್ಮದಲ್ಲಿದ್ದು ಹೊರಗೆ ಬರುತ್ತದೆ. ಕಷಾಯ ಹೊಟ್ಟೆಗಿಳಿದು, ರಕ್ತಕ್ಕೆ ಸೇರಿ, ಯಕೃತ್ತು ಮತ್ತು ಮೂತ್ರಪಿಂಡಗಳನ್ನು ಹಾದುಹೋಗುತ್ತದೆ. ನೀವು ಈಗಾಗಲೇ ನುಂಗುತ್ತಿರುವ ಮಾತ್ರೆಗಳನ್ನು ಅಲ್ಲಿಯೇ ಎದುರುಗೊಳ್ಳುತ್ತದೆ. ಹಾಗಾಗಿ ಸಲಹೆ ಕೇಳಿ ಬಂದವರಿಗೆ ನಾನು ಮೊದಲು ಹೇಳುವುದು ಇದು: ಸೂಜಿಗೆ ಹೋಗುವುದಾದರೆ ಅದನ್ನು ಹಿಡಿಯುವ ಕೈಯ ಬಗ್ಗೆ ವಿಚಾರಿಸಿ, ಮೂಲಿಕೆಗೆ ಹೋಗುವುದಾದರೆ ಪೊಟ್ಟಣದೊಳಗೆ ಏನಿದೆ ಎಂದು ವಿಚಾರಿಸಿ.

ಎರಡಕ್ಕೂ ಮುಂಚೆ ಕಾಯಿಲೆ ಏನೆಂದು ಗೊತ್ತಿರಬೇಕು. ಬೆನ್ನುನೋವಿನ ಜೊತೆಗೆ ಮೂತ್ರ ಕಟ್ಟಿದರೆ, ಕಾಲಿನ ಬಲ ಕುಂದಿದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಹಿಂದೆಂದೂ ಇಲ್ಲದ ತಲೆನೋವು ಏಕಾಏಕಿ ಬಂದರೆ, ಎದೆ ಹಿಡಿದುಕೊಂಡರೆ ನೇರವಾಗಿ ಆಸ್ಪತ್ರೆಗೆ ಹೋಗಿ. ಚೀನೀ ವೈದ್ಯರು ಎರಡೂ ಮಣಿಕಟ್ಟುಗಳಲ್ಲಿ ಮೂರು ಮೂರು ಕಡೆ ನಾಡಿ ಹಿಡಿದು, ನಾಲಿಗೆಯ ಬಣ್ಣ, ಲೇಪ ನೋಡಿ ಮಾಡುವ ನಿರ್ಣಯ ಅವರ ಪದ್ಧತಿಯೊಳಗಿನ ಚಿಕಿತ್ಸೆಯನ್ನು ಆರಿಸಲು ಬಳಕೆಯಾಗುವಂಥದ್ದು. ರಕ್ತಪರೀಕ್ಷೆಗೂ ಸ್ಕ್ಯಾನಿಂಗಿಗೂ ಅದು ಬದಲಿಯಲ್ಲ. ‘ಮೂತ್ರಪಿಂಡ ದುರ್ಬಲವಾಗಿದೆ’ ಎಂದು ಅವರು ಹೇಳಿದರೆ ನಿಮ್ಮ ಕಿಡ್ನಿ ಕೆಟ್ಟಿದೆ ಎಂದರ್ಥವಲ್ಲ. ಅವರ ಮಾತಿನಲ್ಲಿ ಆ ಹೆಸರು ದೇಹದ ಕೆಲವು ಕಾರ್ಯಗಳ ಗುಂಪನ್ನು ಸೂಚಿಸುತ್ತದೆ. ಇದು ಗೊತ್ತಿಲ್ಲದೆ ಸುಮ್ಮನೆ ಹೆದರಿದವರೂ ಇದ್ದಾರೆ. ‘ನಾಡಿ ಚೆನ್ನಾಗಿದೆ’ ಎಂಬ ಮಾತಿಗೆ ನೆಮ್ಮದಿಪಟ್ಟು ತಪಾಸಣೆಯನ್ನೇ ಮುಂದೂಡಿದವರೂ ಇದ್ದಾರೆ. ಎರಡನೆಯದು ಹೆಚ್ಚು ಅಪಾಯದ್ದು.

ಸೂಜಿ ಚರ್ಮಕ್ಕೆ ಇಳಿದಾಗ

ಇಂಜೆಕ್ಷನ್ನಿನ ನೆನಪಿನಿಂದಲೇ ಅಕ್ಯುಪಂಕ್ಚರ್ ಬೇಡವೆನ್ನುವವರು ಬಹಳ. ಅವರಿಗಾಗಿ ಆ ಕ್ಷಣವನ್ನು ಹತ್ತಿರದಿಂದ ತೋರಿಸುತ್ತೇನೆ. ಕತ್ತು ಮತ್ತು ಭುಜ ಸೇರುವಲ್ಲಿ ಗಂಟು ಕಟ್ಟಿದಂತಿದ್ದ ನೋವಿಗೆ ನಾನು ಈ ಚಿಕಿತ್ಸೆ ಮಾಡಿಸಿಕೊಂಡಿದ್ದೇನೆ. ರಕ್ತ ತೆಗೆಯುವ ಸೂಜಿ ಸುಮಾರು 0.8 ಮಿಲಿಮೀಟರ್ ದಪ್ಪವಿದ್ದರೆ, ಅಕ್ಯುಪಂಕ್ಚರ್ ಸೂಜಿ ಸಾಮಾನ್ಯವಾಗಿ 0.25 ಮಿಲಿಮೀಟರಿನ ಆಸುಪಾಸು. ಒಳಗೆ ಟೊಳ್ಳಿಲ್ಲ, ಔಷಧವಿಲ್ಲ, ಬೆರಳ ತುದಿಯಲ್ಲಿ ಒತ್ತಿದರೆ ಬಾಗುವಷ್ಟು ತೆಳು. ಚಿಕಿತ್ಸಕರು ಜಾಗವನ್ನು ಸ್ಪಿರಿಟ್ಟಿನಿಂದ ಒರೆಸಿ, ಪುಟ್ಟ ಪ್ಲಾಸ್ಟಿಕ್ ಕೊಳವೆಯೊಂದನ್ನು ಚರ್ಮದ ಮೇಲಿಟ್ಟು, ಅದರಿಂದ ತುಸುವೇ ಮೇಲಕ್ಕೆ ಇಣುಕುತ್ತಿದ್ದ ಸೂಜಿಯ ತಲೆಗೆ ಬೆರಳಿನಿಂದ ಒಮ್ಮೆ ತಟ್ಟಿದರು. ಚುಚ್ಚಿದ್ದು ಗೊತ್ತಾಗಲಿಲ್ಲ. ಗೊತ್ತಾದದ್ದು ಆಮೇಲೆ, ಕೊಳವೆ ತೆಗೆದು ಸೂಜಿಯನ್ನು ಮೆಲ್ಲಗೆ ಒಳಕ್ಕಿಳಿಸಿ ತಿರುಗಿಸಿದಾಗ. ನೋವು ಎನ್ನಲಾಗದ ಒಂದು ಭಾರ, ಜೋಮು ಹಿಡಿದಂಥ ಸೆಳೆತ ಭುಜದಿಂದ ಮೊಣಕೈಯ ಕಡೆಗೆ ಹರಿಯಿತು. ಚೀನಾದವರು ಇದನ್ನು ‘ದೆ ಚಿ’ ಎನ್ನುತ್ತಾರೆ. ಸೂಜಿ ಸರಿಯಾದ ಕಡೆ ತಲುಪಿತು ಎಂಬುದಕ್ಕೆ ಅವರಿಗೆ ಅದೇ ಗುರುತು. ಚುರುಕ್ಕೆಂದು ವಿದ್ಯುತ್ತು ಹೊಡೆದಂತೆ ಆದರೆ ಮಾತ್ರ ತಡೆದುಕೊಂಡು ಮಲಗಬೇಡಿ, ತಕ್ಷಣ ಹೇಳಿ. ಅದು ನರಕ್ಕೆ ತಾಗಿರುವ ಸೂಚನೆಯಾಗಿರಬಹುದು.

ಸಾಂಪ್ರದಾಯಿಕ ಲೆಕ್ಕದಲ್ಲಿ ಮೈಮೇಲೆ 361 ಬಿಂದುಗಳಿವೆ. ಅವನ್ನು ಹುಡುಕುವ ಅಳತೆಗೋಲು ರೋಗಿಯ ಮೈಯೇ: ಅವರವರ ಹೆಬ್ಬೆರಳಿನ ಅಗಲವೇ ಒಂದು ಮಾನ. ಒಂದನ್ನು ನೀವೇ ಈಗ ಹುಡುಕಬಹುದು. ಅಂಗೈಯನ್ನು ಮೇಲೆ ಮಾಡಿ, ಮಣಿಕಟ್ಟಿನ ಗೆರೆಯಿಂದ ಮೊಣಕೈಯ ಕಡೆಗೆ ಇನ್ನೊಂದು ಕೈಯ ಮೂರು ಬೆರಳುಗಳನ್ನು ಅಡ್ಡಲಾಗಿ ಇಡಿ. ಅವು ಮುಗಿಯುವಲ್ಲಿ, ನಡುವಿನ ಎರಡು ಸ್ನಾಯುರಜ್ಜುಗಳ ಮಧ್ಯದ ಸಂದು ‘ನೇಗುವಾನ್’. ಶಸ್ತ್ರಚಿಕಿತ್ಸೆಯ ಬಳಿಕದ ವಾಕರಿಕೆ, ವಾಂತಿಗೆ ಈ ಬಿಂದುವನ್ನು ಸೂಜಿಯಿಂದಲೋ ಒತ್ತಡದಿಂದಲೋ ಪ್ರಚೋದಿಸುವುದು ಉಪಯುಕ್ತ ಎಂದು ಹತ್ತಾರು ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಮರ್ಶೆಗಳು ಹೇಳುತ್ತವೆ. ಪ್ರಯಾಣದ ವಾಕರಿಕೆಗೆಂದು ಮಾರುವ, ಗುಂಡಿಯಿರುವ ಮಣಿಕಟ್ಟಿನ ಪಟ್ಟಿಗಳು ಒತ್ತುವುದೂ ಇಲ್ಲಿಯೇ. ಸೂಜಿಗೆ ಹೆದರುವವರಿಗೆ ಇದೊಂದು ಮೊದಲ ಹೆಜ್ಜೆಯಾಗಬಹುದು.

ಸೂಜಿಯ ಪರವಾಗಿ ಇರುವ ಪುರಾವೆ ಎಷ್ಟು?

ಅಕ್ಯುಪಂಕ್ಚರ್ ಪಶ್ಚಿಮದಲ್ಲಿ ಮನೆಮಾತಾದದ್ದು ಒಬ್ಬ ಪತ್ರಕರ್ತನ ಹೊಟ್ಟೆಯಿಂದ. 1971ರ ಜುಲೈಯಲ್ಲಿ ಬೀಜಿಂಗ್‌ನಲ್ಲಿದ್ದ ನ್ಯೂಯಾರ್ಕ್ ಟೈಮ್ಸ್‌ನ ಜೇಮ್ಸ್ ರೆಸ್ಟನ್ ಅವರಿಗೆ ಅಪೆಂಡಿಸೈಟಿಸ್ ಆಯಿತು. ಅಲ್ಲಿಯೇ ಶಸ್ತ್ರಚಿಕಿತ್ಸೆ ನಡೆಯಿತು. ಬರೀ ಸೂಜಿ ಚುಚ್ಚಿ ಅರಿವಳಿಕೆಯಿಲ್ಲದೆ ಹೊಟ್ಟೆ ಕೊಯ್ದರು ಎಂಬ ಕತೆ ಇಂದಿಗೂ ಓಡಾಡುತ್ತಿದೆ; ಅದು ಸುಳ್ಳು. ಅವರಿಗೆ ಕೊಟ್ಟದ್ದು ಚುಚ್ಚುಮದ್ದಿನ ಮಾಮೂಲಿ ಅರಿವಳಿಕೆ. ಸೂಜಿ ಬಂದದ್ದು ಆಮೇಲೆ, ಹೊಟ್ಟೆಯುಬ್ಬರದ ಸಂಕಟಕ್ಕೆ: ಬಲ ಮೊಣಕೈಗೆ ಮತ್ತು ಮಂಡಿಗಳ ಕೆಳಗೆ ಮೂರು ಸೂಜಿ, ಜೊತೆಗೆ ಹೊಟ್ಟೆಯ ಹತ್ತಿರ ಉರಿಸಿ ಹಿಡಿದ ಮೂಲಿಕೆಯ ಶಾಖ. ಒಂದು ಗಂಟೆಯೊಳಗೆ ಆರಾಮವಾಯಿತೆಂದು ಅವರು ಬರೆದರು. ಉತ್ಪ್ರೇಕ್ಷೆಯನ್ನು ಕಳೆದು ನೋಡಿದರೂ ಅದು ಒಬ್ಬರ ಅನುಭವ ಮಾತ್ರ, ಪುರಾವೆಯಲ್ಲ.

ಪುರಾವೆ ಬೇಕಾದವರು ಜರ್ಮನಿಯ ಪ್ರಯೋಗಗಳನ್ನು ನೋಡಬೇಕು. 2007ರಲ್ಲಿ ಪ್ರಕಟವಾದ ಒಂದರಲ್ಲಿ ದೀರ್ಘಕಾಲದ ಬೆನ್ನುನೋವಿನ 1,162 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಶಾಸ್ತ್ರೋಕ್ತ ಬಿಂದುಗಳಲ್ಲಿ ಸೂಜಿ. ಇನ್ನೊಂದಕ್ಕೆ ಬಿಂದುಗಳೇ ಅಲ್ಲದ ಜಾಗದಲ್ಲಿ, ಮೇಲುಮೇಲಕ್ಕೆ ಚುಚ್ಚಿದ ತೋರಿಕೆಯ ಸೂಜಿ. ಮೂರನೆಯದಕ್ಕೆ ಮಾತ್ರೆ, ಫಿಸಿಯೋಥೆರಪಿ, ವ್ಯಾಯಾಮದಂಥ ಮಾಮೂಲಿ ಚಿಕಿತ್ಸೆ. ಆರು ತಿಂಗಳ ಬಳಿಕ ಗಮನಾರ್ಹವಾಗಿ ಸುಧಾರಿಸಿದವರು ಕ್ರಮವಾಗಿ ಶೇ 47.6, ಶೇ 44.2 ಮತ್ತು ಶೇ 27.4.

ಈ ಮೂರು ಅಂಕಿಗಳ ಎದುರು ನಾನು ಬಹಳ ಹೊತ್ತು ಕೂತಿದ್ದೇನೆ. ಸೂಜಿ ಚುಚ್ಚಿಸಿಕೊಂಡವರಿಗೆ ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಹೆಚ್ಚು ಗುಣ ಕಂಡಿತು, ಇದು ಖಚಿತ. ಎಲ್ಲಿ ಚುಚ್ಚಿದರು ಎಂಬುದರಿಂದ ಹೆಚ್ಚೇನೂ ವ್ಯತ್ಯಾಸವಾಗಲಿಲ್ಲ, ಇದೂ ಖಚಿತ. ಬಿಂದುಗಳ ಶಾಸ್ತ್ರವನ್ನೇ ನೆಚ್ಚಿದವರಿಗೆ ಎರಡನೆಯ ಮಾತು ಕಹಿ. ಇದೆಲ್ಲ ಬರೀ ಭ್ರಮೆ ಎನ್ನುವವರಿಗೆ ಮೊದಲನೆಯದು ಕಹಿ. ಆಮೇಲೆ 39 ಪ್ರಯೋಗಗಳ 20,827 ರೋಗಿಗಳ ವಿವರಗಳನ್ನು ಒಂದುಗೂಡಿಸಿ 2018ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಚಿತ್ರವನ್ನು ಇನ್ನಷ್ಟು ತಿಳಿಗೊಳಿಸಿತು: ಬೆನ್ನು, ಕತ್ತು, ಮಂಡಿ, ಭುಜದ ಹಳೆಯ ನೋವಿಗೂ ತಲೆನೋವಿಗೂ ನಿಜವಾದ ಸೂಜಿ ತೋರಿಕೆಯ ಸೂಜಿಗಿಂತ ಸ್ವಲ್ಪ ಮೇಲು, ಏನೂ ಮಾಡದಿರುವುದಕ್ಕಿಂತ ಸಾಕಷ್ಟು ಮೇಲು, ಮತ್ತು ಒಂದು ವರ್ಷ ಕಳೆದರೂ ಗುಣದ ಬಹುಪಾಲು ಉಳಿಯುತ್ತದೆ.

ಇಷ್ಟಾದರೂ ದೇಶ ದೇಶಗಳ ಮಾರ್ಗಸೂಚಿಗಳು ಒಂದೇ ದನಿಯಲ್ಲಿ ಮಾತನಾಡುವುದಿಲ್ಲ. ಇಂಗ್ಲೆಂಡಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2009ರಲ್ಲಿ ಬೆನ್ನುನೋವಿಗೆ ಅಕ್ಯುಪಂಕ್ಚರನ್ನು ಶಿಫಾರಸು ಮಾಡಿ, 2016ರಲ್ಲಿ ಕೈಬಿಟ್ಟಿತು. ಅದೇ ಸಂಸ್ಥೆ ಮೈಗ್ರೇನ್ ಮರುಕಳಿಸದಂತೆ ತಡೆಯಲು ಐದರಿಂದ ಎಂಟು ವಾರಗಳಲ್ಲಿ ಹತ್ತು ಸರದಿಗಳವರೆಗೆ ಪ್ರಯತ್ನಿಸಬಹುದು ಎಂದಿದೆ. 2021ರಲ್ಲಿ ನಿರ್ದಿಷ್ಟ ಕಾರಣ ಸಿಗದ ದೀರ್ಘಕಾಲದ ನೋವಿಗೂ ಸೂಜಿಯನ್ನು ಪರಿಗಣಿಸಬಹುದು ಎಂದಿತು. ಅಮೆರಿಕದ ವೈದ್ಯರ ಸಂಘವಾದ ‘ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್’ 2017ರಲ್ಲಿ ಬೆನ್ನುನೋವಿಗೆ ಮಾತ್ರೆಗಿಂತ ಮೊದಲು ಯೋಚಿಸಬೇಕಾದ ಚಿಕಿತ್ಸೆಗಳ ಪಟ್ಟಿಯಲ್ಲಿ ಇದನ್ನು ಸೇರಿಸಿತು. ನೋವು ಮತ್ತು ವಾಕರಿಕೆಯಿಂದ ದೂರ ಹೋದಷ್ಟೂ ಆಧಾರ ತೆಳ್ಳಗಾಗುತ್ತದೆ. ಮಧುಮೇಹ, ರಕ್ತದೊತ್ತಡ, ಥೈರಾಯ್ಡ್, ಸೋಂಕು, ಕ್ಯಾನ್ಸರ್ ಗಡ್ಡೆಯನ್ನು ಸೂಜಿಯಿಂದಲೇ ವಾಸಿ ಮಾಡುತ್ತೇವೆ ಎನ್ನುವವರ ಮುಂದೆ ಕೂರಬೇಡಿ.

ಸೂಜಿಯ ಅಪಾಯ ಕೈಯಲ್ಲಿದೆ

ಜರ್ಮನಿಯಲ್ಲೇ 2,29,230 ರೋಗಿಗಳನ್ನು ಗಮನಿಸಿದ ಅಧ್ಯಯನವೊಂದು 2009ರಲ್ಲಿ ಬಂತು. ಶೇ 8.6ರಷ್ಟು ಜನರಿಗೆ ಏನಾದರೊಂದು ಅಡ್ಡಪರಿಣಾಮ ಆಗಿತ್ತು. ಹೆಚ್ಚಿನವು ಸಣ್ಣ ರಕ್ತಸ್ರಾವ, ಚರ್ಮ ನೀಲಿಗಟ್ಟುವುದು, ನೋವು. ಶ್ವಾಸಕೋಶಕ್ಕೆ ಸೂಜಿ ತಾಗಿ ಗಾಳಿ ಸೋರಿದ್ದು ಇಬ್ಬರಿಗೆ. ಅಪರೂಪವಾದರೂ ಇದು ಆಗುವುದು ಎದೆ, ಬೆನ್ನಿನ ಮೇಲುಭಾಗ ಮತ್ತು ಭುಜದ ಮೇಲೆ, ಚುಚ್ಚುವವರಿಗೆ ಆಳದ ಅಂದಾಜು ತಪ್ಪಿದಾಗ. ಅಲ್ಲಿ ಚುಚ್ಚಿಸಿಕೊಂಡ ಮೇಲೆ ಗಂಟೆಗಳ ನಂತರವಾದರೂ ಸರಿ, ಉಸಿರು ಕಟ್ಟಿದಂತಾದರೆ, ಉಸಿರೆಳೆದಾಗ ಎದೆ ಕುಕ್ಕಿದರೆ ತುರ್ತು ಚಿಕಿತ್ಸೆಗೆ ಹೋಗಿ, ಸೂಜಿ ಚುಚ್ಚಿಸಿಕೊಂಡದ್ದನ್ನು ಅಲ್ಲಿಯ ವೈದ್ಯರಿಗೆ ತಪ್ಪದೆ ಹೇಳಿ.

ಅಮೆರಿಕದ ಔಷಧ ನಿಯಂತ್ರಕರು 1996ರಲ್ಲಿ ಅಕ್ಯುಪಂಕ್ಚರ್ ಸೂಜಿಗಳನ್ನು ವೈದ್ಯಕೀಯ ಸಾಧನವೆಂದು ಒಪ್ಪಿದಾಗಲೇ ಅವು ಕ್ರಿಮಿರಹಿತವಾಗಿರಬೇಕು, ಒಂದೇ ಬಳಕೆಗೆ ಎಂಬ ಗುರುತು ಹೊತ್ತಿರಬೇಕು ಎಂದು ವಿಧಿಸಿದರು. ಮುಚ್ಚಿದ ಪೊಟ್ಟಣ ನಿಮ್ಮ ಕಣ್ಣೆದುರು ಒಡೆಯಬೇಕು, ತೆಗೆದ ಸೂಜಿ ಗಟ್ಟಿಯಾದ ತ್ಯಾಜ್ಯದ ಡಬ್ಬಿಗೆ ಬೀಳಬೇಕು. ಮೊದಲ ಸಲ ಊಟ ಬಿಟ್ಟು ಹೋಗಬೇಡಿ, ಕೂತು ಚುಚ್ಚಿಸಿಕೊಳ್ಳುವ ಬದಲು ಮಲಗಿ ಚುಚ್ಚಿಸಿಕೊಳ್ಳಿ. ತಲೆಸುತ್ತಿ ಬೀಳುವವರು ಹೆಚ್ಚಾಗಿ ಮೊದಲ ಸಲದವರೇ. ಸೂಜಿಗೆ ವಿದ್ಯುತ್ ತಂತಿ ಜೋಡಿಸುವ ಬಗೆಯೂ ಇದೆ. ಪೇಸ್‌ಮೇಕರ್ ಇದ್ದವರಿಗೆ ಅದು ಬೇಡ. ಕ್ಯಾನ್ಸರ್ ಚಿಕಿತ್ಸೆಯಿಂದ ಬಿಳಿರಕ್ತಕಣ ಅಥವಾ ಪ್ಲೇಟ್ಲೆಟ್ ಇಳಿದವರು ಕ್ಯಾನ್ಸರ್ ತಜ್ಞರನ್ನು ಕೇಳಿಯೇ ಹೋಗಬೇಕು, ದುಗ್ಧಗ್ರಂಥಿ (ಲಿಂಫ್ ಗ್ರಂಥಿ) ತೆಗೆಸಿ ಬಾವು ಬಂದ ತೋಳಿಗೆ ಚುಚ್ಚಿಸಿಕೊಳ್ಳಬಾರದು.

ಮಡಕೆಯೊಳಗೆ ಏನಿದೆ

ಈಗ ಇನ್ನೊಂದು ದಾರಿ. ಚೀನೀ ವೈದ್ಯದಲ್ಲಿ ಮೂಲಿಕೆಯೇ ಮುಖ್ಯಧಾರೆ. ಸೂಜಿ ಅದರ ಒಂದು ಪಕ್ಕ. 1596ರಲ್ಲಿ ಪ್ರಕಟವಾದ ಲಿ ಶಿಝೆನ್ ಅವರ ಔಷಧಕೋಶದಲ್ಲಿ 1,892 ದ್ರವ್ಯಗಳಿವೆ. ಗಿಡ, ಬೇರು, ತೊಗಟೆಗಳ ಜೊತೆ ಖನಿಜ, ಪ್ರಾಣಿಮೂಲದ ವಸ್ತುಗಳೂ ಅದರಲ್ಲಿ ಸೇರಿವೆ. ‘ಗಿಡಮೂಲಿಕೆ’ ಎಂಬ ನಮ್ಮ ಮಾತು ಅಲ್ಲಿಯ ಎಲ್ಲವನ್ನೂ ಹಿಡಿಯುವುದಿಲ್ಲ ಎಂಬುದು ನೆನಪಿರಲಿ.

ಒಂಟಿ ಮೂಲಿಕೆ ಕೊಡುವುದು ಕಡಿಮೆ, ಹಲವನ್ನು ಬೆರೆಸಿದ ಯೋಗಗಳೇ ಹೆಚ್ಚು. ಒಂದು ಯೋಗದಲ್ಲಿ ರಾಜ, ಮಂತ್ರಿ, ಸಹಾಯಕ, ದೂತ ಎಂದು ಪಾತ್ರಗಳನ್ನು ಹಂಚುತ್ತಾರೆ. ಸುಮಾರು 1,800 ವರ್ಷಗಳಿಂದ ಬಳಕೆಯಲ್ಲಿರುವ ‘ಗುಯ್‌ಝಿ ತಾಂಗ್’ ಎಂಬ ಕಷಾಯದಲ್ಲಿ ಐದೇ ಸಾಮಗ್ರಿ: ದಾಲ್ಚಿನ್ನಿಯ ಎಳೆಕಡ್ಡಿ, ಬಿಳಿ ಪಿಯೊನಿಯ ಬೇರು, ಹಸಿ ಶುಂಠಿ, ಚೀನೀ ಬೋರೆಹಣ್ಣು, ಹುರಿದ ಜೇಷ್ಠಮಧು. ಇಂದಿನ ಚೀಟಿಗಳಲ್ಲಿ ಹತ್ತು ಹದಿನೈದು ಸಾಮಗ್ರಿ ಸಾಮಾನ್ಯ. ಒಣ ಬೇರು, ತೊಗಟೆಗಳನ್ನು ಅರ್ಧ ಗಂಟೆ ನೀರಲ್ಲಿ ನೆನೆಹಾಕಿ, ಮಣ್ಣಿನ ಅಥವಾ ಸ್ಟೀಲಿನ ಪಾತ್ರೆಯಲ್ಲಿ ಎರಡು ಸಲ ಕುದಿಸಿ, ಎರಡೂ ಸಲದ ರಸ ಬೆರೆಸಿ ಕುಡಿಯಬೇಕು. ಕಬ್ಬಿಣ, ಅಲ್ಯೂಮಿನಿಯಂ ಪಾತ್ರೆ ನಿಷಿದ್ಧ. ಗಟ್ಟಿ ಖನಿಜ, ಚಿಪ್ಪುಗಳನ್ನು ಮೊದಲೇ ಹಾಕಬೇಕು. ಪುದೀನದಂಥ ಪರಿಮಳದವನ್ನು ಇಳಿಸುವ ಐದು ನಿಮಿಷ ಮುಂಚೆ. ಮನೆಯೆಲ್ಲ ವಾಸನೆ, ಬಾಯೆಲ್ಲ ಕಹಿ. ವಾರಗಟ್ಟಲೆ ದಿನವೂ ಇದನ್ನು ಮಾಡಲು ಪುರುಸೊತ್ತಿಲ್ಲದವರಿಗೆ ಬಿಸಿನೀರಿಗೆ ಕದಡುವ ಹರಳುಪುಡಿ ಇದೆ, ಗುಳಿಗೆಯೂ ಇದೆ. ಕಷಾಯದಲ್ಲಿ ಸಾಮಗ್ರಿ ಕಣ್ಣಿಗೆ ಕಾಣುತ್ತದೆ, ವೈದ್ಯರು ವಾರವಾರಕ್ಕೂ ಬದಲಿಸಬಹುದು. ಗುಳಿಗೆ ಸುಲಭ, ಆದರೆ ಒಳಗೇನಿದೆ ಎಂಬುದು ಪೂರ್ತಿ ತಯಾರಕರ ಪ್ರಾಮಾಣಿಕತೆಗೆ ಬಿಟ್ಟದ್ದು. ಹೆಸರುವಾಸಿ ಪ್ರಯೋಗಾಲಯದಲ್ಲಿ ತಯಾರಿಕೆಯ ಪ್ರತಿ ಕಂತನ್ನೂ ಪರೀಕ್ಷಿಸಿದ ಹರಳುಪುಡಿ ಸಿಗುವುದಾದರೆ ನನ್ನ ಆಯ್ಕೆ ಅದು.

ಇವು ಕೆಲಸ ಮಾಡುತ್ತವೆಯೇ? ನಾನು ಮರಳಿ ಮರಳಿ ನೆನೆಯುವುದು 1998ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಪ್ರಯೋಗವನ್ನು. ಹೊಟ್ಟೆನೋವು, ಭೇದಿ, ಮಲಬದ್ಧತೆಗಳಿಂದ ವರ್ಷಗಟ್ಟಲೆ ಕಾಡುವ ಕರುಳಿನ ಕಿರಿಕಿರಿಯ 116 ರೋಗಿಗಳನ್ನು ಮೂರು ಪಾಲು ಮಾಡಿದರು: ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಬರೆದ ಯೋಗ, ಎಲ್ಲರಿಗೂ ಒಂದೇ ಸಿದ್ಧಯೋಗ, ಮತ್ತು ಔಷಧವಿಲ್ಲದ ಹುಸಿ ಗುಳಿಗೆ. ಹದಿನಾರು ವಾರಗಳ ಕೊನೆಗೆ ಮೂಲಿಕೆ ತೆಗೆದುಕೊಂಡ ಎರಡೂ ಪಾಲಿನವರು ಹುಸಿ ಗುಳಿಗೆಯವರಿಗಿಂತ ಸುಧಾರಿಸಿದ್ದರು. ಪ್ರತ್ಯೇಕ ಯೋಗ ಸಿದ್ಧಯೋಗಕ್ಕಿಂತ ಮೇಲೆನಿಸಲಿಲ್ಲ. ಔಷಧ ನಿಲ್ಲಿಸಿ ಹದಿನಾಲ್ಕು ವಾರವಾದ ಮೇಲೆ ನೋಡಿದರೆ, ಗುಣ ಉಳಿದದ್ದು ಪ್ರತ್ಯೇಕ ಯೋಗದವರಲ್ಲಿ ಮಾತ್ರ. ಇಂಥ ಎಚ್ಚರದ ಪ್ರಯೋಗಗಳು ಇನ್ನೂ ನೂರಾರು ಬೇಕಿತ್ತು. ಮೂಲಿಕೆಗಳ ಮೇಲೆ ನಡೆದ ಪ್ರಯೋಗಗಳ ರಾಶಿ ದೊಡ್ಡದಾದರೂ, ವಿಮರ್ಶಕರು ಅವನ್ನು ಜಾಲಿಸಿದಾಗ ಮತ್ತೆ ಮತ್ತೆ ಹೇಳುವುದು ಗುಣಮಟ್ಟ ಸಾಲದು ಎಂದೇ.

‘ಚೀನೀ ಮೂಲಿಕೆಗೆ ನೊಬೆಲ್ ಬಂದಿದೆಯಲ್ಲ’ ಎಂಬ ಮಾತನ್ನು ನೀವೂ ಕೇಳುತ್ತೀರಿ. 2015ರಲ್ಲಿ ಚೀನಾದ ವಿಜ್ಞಾನಿ ಟು ಯೂಯೂ ಅವರಿಗೆ ಮಲೇರಿಯಾದ ಔಷಧ ಆರ್ಟೆಮಿಸಿನಿನ್‌ಗಾಗಿ ಬಂದದ್ದು ನಿಜ. ಆ ಕತೆಯನ್ನು ಪೂರ್ತಿ ಕೇಳಬೇಕು. ಚಿಂಗ್‌ಹಾವ್ ಗಿಡವನ್ನು ಬಿಸಿ ಮಾಡಿ ತೆಗೆದ ಸಾರ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ನಾಲ್ಕನೆಯ ಶತಮಾನದ ವೈದ್ಯ ಗೆ ಹೋಂಗ್, ಗಿಡವನ್ನು ಕುದಿಸದೆ ನೀರಲ್ಲಿ ನೆನೆಸಿ ಹಿಂಡಿ ಕುಡಿಯಲು ಹೇಳಿದ್ದನ್ನು ಓದಿ, ಶಾಖದಿಂದಲೇ ಗುಣ ಹಾಳಾಗುತ್ತಿರಬಹುದೆಂದು ಟು ಊಹಿಸಿದರು. ಕಡಿಮೆ ಉಷ್ಣದಲ್ಲಿ ಈಥರ್ ಬಳಸಿ ಸಾರ ತೆಗೆದರು. 1971ರ ಅಕ್ಟೋಬರಿನಲ್ಲಿ ಅದು ಪ್ರಾಣಿಗಳ ಮೇಲೆ ಫಲಿಸಿತು. ಅಲ್ಲಿಂದ ಒಂದು ಅಣುವನ್ನು ಬೇರ್ಪಡಿಸಿ, ಪ್ರಮಾಣ ಗೊತ್ತುಮಾಡಿ, ರೋಗಿಗಳಲ್ಲಿ ಪರೀಕ್ಷಿಸಿ ಔಷಧ ಮಾಡಿದರು. ಅದೇ ಗಿಡದ ಚಹಾ ಕುಡಿದು ಮಲೇರಿಯಾ ವಾಸಿಮಾಡಿಕೊಳ್ಳುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಇಂದಿಗೂ ಒಪ್ಪುವುದಿಲ್ಲ.

ಹೆಸರೊಂದು ತಪ್ಪಿದರೆ

ಮೂಲಿಕೆಯ ವಿಷಯದಲ್ಲಿ ನಾನು ಇಷ್ಟು ಬಿಗಿಯಾಗಿ ಮಾತನಾಡಲು ಬ್ರಸೆಲ್ಸ್ ಕಾರಣ. 1990ರ ದಶಕದ ಆರಂಭದಲ್ಲಿ ಅಲ್ಲಿ ತೂಕ ಇಳಿಸಲು ಗುಳಿಗೆ ತೆಗೆದುಕೊಂಡಿದ್ದ ಮಹಿಳೆಯರ ಮೂತ್ರಪಿಂಡಗಳು ಒಬ್ಬರಾದ ಮೇಲೊಬ್ಬರಂತೆ ಸೋಲತೊಡಗಿದವು. ಗುಳಿಗೆಯಲ್ಲಿ ಇರಬೇಕಾದದ್ದು ‘ಫಾಂಗ್‌ಜಿ’. ಚೀನೀ ಭಾಷೆಯಲ್ಲಿ ಆ ಹೆಸರಿನ ಬಾಲ ಹೊತ್ತ ಬೇರುಗಳು ಒಂದಕ್ಕಿಂತ ಹೆಚ್ಚು. ಸ್ಟೆಫಾನಿಯಾ ಬೇರಿನ ಜಾಗಕ್ಕೆ ಅರಿಸ್ಟೊಲೊಕಿಯಾ ಬೇರು ಬಂದು ಕೂತಿತ್ತು. ಅದರಲ್ಲಿರುವ ಅರಿಸ್ಟೊಲೊಕಿಕ್ ಆಮ್ಲ ಮೂತ್ರಪಿಂಡವನ್ನು ಹಾಳುಮಾಡುತ್ತದೆ, ಕ್ಯಾನ್ಸರ್ ತರುತ್ತದೆ. ನೂರಕ್ಕೂ ಹೆಚ್ಚು ಜನ ತೊಂದರೆಗೊಳಗಾದರು, ಹಲವರು ಡಯಾಲಿಸಿಸ್‌ಗೆ, ಮೂತ್ರಪಿಂಡ ಕಸಿಗೆ ಹೋದರು. ಮುನ್ನೆಚ್ಚರಿಕೆಯಾಗಿ ಮೂತ್ರಪಿಂಡ ಮತ್ತು ಮೂತ್ರನಾಳ ತೆಗೆಸಿಕೊಂಡ 39 ಜನರಲ್ಲಿ 18 ಮಂದಿಗೆ ಆ ಭಾಗದಲ್ಲಿ ಕ್ಯಾನ್ಸರ್ ಸಿಕ್ಕಿತೆಂದು 2000ದಲ್ಲಿ ವರದಿಯಾಯಿತು. ತೆಳ್ಳಗಾಗಬೇಕೆಂದು ಹೋದ ಆರೋಗ್ಯವಂತ ಹೆಂಗಸರು ಅವರು. ಪೊಟ್ಟಣದ ಮೇಲೆ ಚೀನೀ ಹೆಸರಿನ ಜೊತೆಗೆ ಸಸ್ಯದ ಲ್ಯಾಟಿನ್ ಹೆಸರೂ ಇರಲೇಬೇಕು ಎಂದು ನಾನು ಪಟ್ಟು ಹಿಡಿಯುವುದು ಇದಕ್ಕಾಗಿ.

ಕಲಬೆರಕೆಯ ಕತೆ ಬೇರೆ. ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳು ಬಳಸುತ್ತಿದ್ದ ಪಿಸಿ-ಸ್ಪೆಸ್ ಎಂಬ ಎಂಟು ಮೂಲಿಕೆಗಳ ಮಿಶ್ರಣವನ್ನು 2002ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು. ಅದರೊಳಗೆ ಕೃತಕ ಹಾರ್ಮೋನು, ನೋವಿನ ಔಷಧ, ರಕ್ತ ತೆಳುಮಾಡುವ ವಾರ್ಫರಿನ್ ಪತ್ತೆಯಾಗಿದ್ದವು. ಇಸುಬಿಗೆ ಹಚ್ಚುವ ‘ಮೂಲಿಕೆಯ’ ಮುಲಾಮುಗಳಲ್ಲಿ ಸ್ಟಿರಾಯ್ಡ್ ಸಿಕ್ಕಿದ್ದು ಹಲವು ಸಲ. ಎರಡೇ ದಿನದಲ್ಲಿ ಪವಾಡದಂತೆ ಗುಣ ಕಂಡರೆ ಸಂತೋಷಪಡುವ ಮುಂಚೆ ಅನುಮಾನಪಡಿ.

ಕಲಬೆರಕೆ ಇಲ್ಲದಿದ್ದರೂ ಮೂಲಿಕೆ ಔಷಧವೇ. ಅದಕ್ಕೆ ಬಲವಿದೆ ಎಂದಮೇಲೆ ಅಡ್ಡಪರಿಣಾಮವೂ ಇರುತ್ತದೆ. ಫುಜಿ ಎಂದರೆ ವತ್ಸನಾಭಿಯ ಜಾತಿಯ ಗೆಡ್ಡೆ. ಸರಿಯಾಗಿ ಸಂಸ್ಕರಿಸಿ ದೀರ್ಘಕಾಲ ಕುದಿಸದಿದ್ದರೆ ಹೃದಯದ ಬಡಿತ ದಾರಿ ತಪ್ಪಿ ಸಾವೂ ಬರಬಹುದು. ಕೂದಲು ಕಪ್ಪಾಗಲೆಂದು ಕೊಳ್ಳುವ ಹೆ ಶೋ ವು ಎಂಬ ಬೇರು ಯಕೃತ್ತನ್ನು ಕೆಡಿಸಿದ ಪ್ರಕರಣಗಳು ಬಹಳ. ಮಾಹ್ವಾಂಗ್ ಗಿಡದಲ್ಲಿರುವ ಎಫಿಡ್ರಿನ್ ರಕ್ತದೊತ್ತಡ ಏರಿಸುತ್ತದೆ. ಅದಿರುವ ಪೂರಕಗಳನ್ನು ಅಮೆರಿಕ 2004ರಲ್ಲಿ ನಿಷೇಧಿಸಿತು. ಯೋಗಗಳಿಗೆಲ್ಲ ಸೇರಿಸುವ ಸಾಧುವಾದ ಜೇಷ್ಠಮಧು ಕೂಡ ಹೆಚ್ಚು ಪ್ರಮಾಣದಲ್ಲಿ, ಹೆಚ್ಚು ದಿನ ಹೋದರೆ ಪೊಟ್ಯಾಸಿಯಂ ಇಳಿಸಿ ರಕ್ತದೊತ್ತಡ ಏರಿಸುತ್ತದೆ. ಕೆಲವು ಹಳೆಯ ಗುಳಿಗೆಗಳಲ್ಲಿ ಇಂಗಳೀಕ, ಮನಃಶಿಲೆ ಇರುತ್ತವೆ. ಒಂದರಲ್ಲಿ ಪಾದರಸ, ಇನ್ನೊಂದರಲ್ಲಿ ಆರ್ಸೆನಿಕ್. ಖಡ್ಗಮೃಗದ ಕೊಂಬು, ಹುಲಿಯ ಮೂಳೆಯ ವ್ಯಾಪಾರವನ್ನು ಚೀನಾ 1993ರಲ್ಲಿ ನಿಷೇಧಿಸಿತು, ಚಿಪ್ಪುಹಂದಿಯ ಚಿಪ್ಪನ್ನು 2020ರಲ್ಲಿ ತನ್ನ ಔಷಧಕೋಶದಿಂದ ತೆಗೆಯಿತು. ಇಂಥದ್ದನ್ನು ಯಾರಾದರೂ ಗುಟ್ಟಾಗಿ ಕೊಡಬಂದರೆ ಎದ್ದು ಬನ್ನಿ.

ನನ್ನ ಹತ್ತಿರದ ಬಂಧುವೊಬ್ಬರು ಹೃದಯದ ಕವಾಟ ಬದಲಿಸಿಕೊಂಡು ವಾರ್ಫರಿನ್ ನುಂಗುತ್ತಿದ್ದರು. ಮಂಡಿನೋವಿಗೆ ಸೂಜಿಯೆಂದು ಹೋದ ಕಡೆ ‘ರಕ್ತ ಸಂಚಾರಕ್ಕೆ ಒಳ್ಳೆಯದು’ ಎಂದು ಪೊಟ್ಟಣವೊಂದನ್ನು ಕೊಟ್ಟರು. ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಯಾರೂ ಕೇಳಲಿಲ್ಲ. ಇವರಿಗೂ ಹೇಳಬೇಕೆಂದು ತೋಚಲಿಲ್ಲ. ಎರಡು ವಾರಕ್ಕೆ ಹಲ್ಲುಜ್ಜುವಾಗ ಒಸಡು ಒಸರತೊಡಗಿತು, ತೋಳಿನ ಮೇಲೆ ಎಲ್ಲಿ ಒತ್ತಿದರೂ ನೀಲಿ. ರಕ್ತ ಹೆಪ್ಪುಗಟ್ಟುವ ಪರೀಕ್ಷೆಯ ಅಂಕಿ ಇರಬೇಕಾದದ್ದಕ್ಕಿಂತ ಬಹಳ ಮೇಲಿತ್ತು. ಪೊಟ್ಟಣದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ದಾನ್‌ಶೆನ್ ಎಂದಿತ್ತು. ದಾನ್‌ಶೆನ್ ಮತ್ತು ದಾಂಗ್‌ಗುಯ್ ಎಂಬ ಬೇರುಗಳು ವಾರ್ಫರಿನ್ನಿನ ಪರಿಣಾಮ ಹೆಚ್ಚಿಸುತ್ತವೆ ಎಂಬುದು ವೈದ್ಯಸಾಹಿತ್ಯದಲ್ಲಿ ಹಳೆಯ ಸಂಗತಿ. ಜಿನ್ಸೆಂಗ್ ಅದಕ್ಕೆ ತಿರುಗಾಮುರುಗ, ಪರಿಣಾಮ ಕುಗ್ಗಿಸಬಲ್ಲದು. ಅವರು ಉಳಿದರು. ಆ ಕೇಂದ್ರಕ್ಕೆ ಹೋಗಿ ಹೇಳಿದಾಗ ‘ಇದು ನೈಸರ್ಗಿಕ, ಏನೂ ಆಗುವುದಿಲ್ಲ’ ಎಂದ ಆ ದನಿ ನನ್ನ ಕಿವಿಯಲ್ಲಿ ಇನ್ನೂ ಇದೆ.

ಹಾಗಾದರೆ ಯಾರಿಗೆ ಯಾವುದು

ಬೆನ್ನು, ಕತ್ತು, ಮಂಡಿಯ ಹಳೆಯ ನೋವು, ಮೈಗ್ರೇನ್, ಆಗಾಗ ಬರುವ ಬಿಗಿತದ ತಲೆನೋವು, ಕೀಮೋಥೆರಪಿ ಅಥವಾ ಶಸ್ತ್ರಚಿಕಿತ್ಸೆಯ ನಂತರದ ವಾಕರಿಕೆ: ಇವಕ್ಕೆ ಸೂಜಿಯನ್ನು ಮೊದಲು ಪ್ರಯತ್ನಿಸಿ, ಮೂಲಿಕೆಯ ಅಗತ್ಯವೇ ಬೀಳದಿರಬಹುದು. ದಿನಕ್ಕೆ ಐದಾರು ಮಾತ್ರೆ ನುಂಗುವ ಹಿರಿಯರಿಗೂ ಸೂಜಿಯೇ ಹಿತ, ಏಕೆಂದರೆ ಅದು ಯಾವ ಮಾತ್ರೆಯ ಜೊತೆಗೂ ಸೆಣಸುವುದಿಲ್ಲ. ರಕ್ತ ತೆಳುಮಾಡುವ ಮಾತ್ರೆಯಲ್ಲಿರುವವರು ಸೂಜಿಗೆ ಹೋಗಬಹುದು, ಮುಂಚೆಯೇ ಹೇಳಿ ಮೇಲುಮೇಲಕ್ಕೆ ಚುಚ್ಚಿಸಿಕೊಳ್ಳಬೇಕು. ಮೂಲಿಕೆ ಅವರಿಗೆ ಬೇಡವೇ ಬೇಡ. ಅಂಗಾಂಗ ಕಸಿಯಾದವರು, ಯಕೃತ್ತು ಅಥವಾ ಮೂತ್ರಪಿಂಡದ ಕಾಯಿಲೆಯವರು, ಕ್ಯಾನ್ಸರ್ ಔಷಧದ ನಡುವಿರುವವರು ಸಹ ಮೂಲಿಕೆಯಿಂದ ದೂರವಿರಲಿ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಮೂಲಿಕೆ ಬಿಡಲಿ. ಗರ್ಭಿಣಿಯರು ಸೂಜಿಗೆ ಹೋದರೂ ಮೊದಲ ಮಾತಿಗೇ ಅದನ್ನು ಹೇಳಲಿ, ಕೈ ಮತ್ತು ಕಾಲಿನ ಕೆಲವು ಬಿಂದುಗಳನ್ನು ಆಗ ಚುಚ್ಚದಿರುವುದು ಪರಂಪರೆಯಲ್ಲೇ ಇದೆ.

ಮೂಲಿಕೆಗೆ ಜಾಗವೇ ಇಲ್ಲವೇ? ಇದೆ. ಆಸ್ಪತ್ರೆಯಲ್ಲಿ ತಪಾಸಣೆ ಮುಗಿದು, ಗಂಭೀರವಾದದ್ದೇನೂ ಇಲ್ಲವೆಂದು ಖಚಿತವಾಗಿ, ಕರುಳಿನ ಕಿರಿಕಿರಿಯಂಥದ್ದು ಕಾಡುತ್ತಲೇ ಇದ್ದು, ಬೇರೆ ಯಾವ ಔಷಧವನ್ನೂ ತೆಗೆದುಕೊಳ್ಳದ ವಯಸ್ಕರು ನುರಿತ ವೈದ್ಯರ ಕೈಯಲ್ಲಿ ಪ್ರಯತ್ನಿಸಬಹುದು. ಶುರುಮಾಡುವ ಮುಂಚೆ ಯಕೃತ್ತು, ಮೂತ್ರಪಿಂಡದ ರಕ್ತಪರೀಕ್ಷೆ ಮಾಡಿಸಿ, ತಿಂಗಳಾದ ಮೇಲೆ ಮತ್ತೊಮ್ಮೆ ಮಾಡಿಸಿ. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ಮೈ ತುರಿಸಿದರೆ, ಊಟ ಸೇರದಿದ್ದರೆ ಆ ದಿನವೇ ನಿಲ್ಲಿಸಿ ಪೊಟ್ಟಣದೊಡನೆ ಆಸ್ಪತ್ರೆಗೆ ಹೋಗಿ. ಶಸ್ತ್ರಚಿಕಿತ್ಸೆ ಗೊತ್ತಾಗಿದ್ದರೆ ಎರಡು ವಾರ ಮುಂಚೆಯೇ ಬಿಡಿ.

ಎರಡನ್ನೂ ಒಟ್ಟಿಗೆ ಶುರುಮಾಡುವುದನ್ನು ನಾನು ಒಪ್ಪುವುದಿಲ್ಲ. ಗುಣ ಕಂಡರೆ ಯಾವುದರಿಂದ ಎಂದು ಗೊತ್ತಾಗುವುದಿಲ್ಲ, ತೊಂದರೆಯಾದರೂ ಅಷ್ಟೇ. ಮೊದಲು ಸೂಜಿಯ ಆರೆಂಟು ಸರದಿ ಆಗಲಿ. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಟ್ಟು ದಿನವೂ ಬರೆದಿಡಿ. ಅಮೆರಿಕದ ಹಿರಿಯರ ಸರ್ಕಾರಿ ಆರೋಗ್ಯವಿಮೆ ಮೆಡಿಕೇರ್ 2020ರಿಂದ ದೀರ್ಘಕಾಲದ ಬೆನ್ನುನೋವಿಗೆ 90 ದಿನಗಳಲ್ಲಿ 12 ಸರದಿಗಳ ವೆಚ್ಚ ಭರಿಸುತ್ತದೆ. ಸುಧಾರಣೆ ಕಂಡವರಿಗೆ ಮಾತ್ರ ಇನ್ನೂ 8. ಈ ಲೆಕ್ಕ ನಮಗೂ ಆಗಬಹುದು. ಹನ್ನೆರಡು ಸರದಿಗೂ ಪುಸ್ತಕದಲ್ಲಿನ ಅಂಕ ಇಳಿಯದಿದ್ದರೆ, ಚಿಕಿತ್ಸಕರು ಎಷ್ಟೇ ಸಜ್ಜನರಾಗಿದ್ದರೂ, ಹಣವನ್ನೂ ಹೊತ್ತನ್ನೂ ಬೇರೆಡೆಗೆ ತಿರುಗಿಸಿ. ಇಪ್ಪತ್ತು ಸರದಿಯ ಹಣವನ್ನು ಮುಂಗಡವಾಗಿ ಕೇಳುವ ಕಡೆ ಕಟ್ಟಬೇಡಿ.

ಕೈಯನ್ನು ವಿಚಾರಿಸುವುದು ಹೇಗೆ ಎಂದರೆ, ಸೂಜಿ ಕಲಿತವರೆಲ್ಲ ಮೂಲಿಕೆ ಕಲಿತಿರುವುದಿಲ್ಲ ಎಂಬುದರಿಂದ ಶುರುಮಾಡಿ. ಆಸ್ಟ್ರೇಲಿಯಾದಲ್ಲಿ 2012ರಿಂದ ಚೀನೀ ವೈದ್ಯರಿಗೆ ರಾಷ್ಟ್ರಮಟ್ಟದ ನೋಂದಣಿ ಕಡ್ಡಾಯ, ಅದರಲ್ಲಿ ಸೂಜಿ ಚಿಕಿತ್ಸಕರು, ಮೂಲಿಕೆ ವೈದ್ಯರು, ಮೂಲಿಕೆ ಕಟ್ಟಿಕೊಡುವವರು ಎಂದು ಮೂರು ಬೇರೆ ಬೇರೆ ವಿಭಾಗಗಳಿವೆ. ನೀವಿರುವಲ್ಲಿ ಅಂಥ ನಿಯಮ ಇಲ್ಲದಿದ್ದರೂ ಪ್ರಶ್ನೆ ಅದೇ ಆಗಿರಲಿ: ಸೂಜಿ ಎಲ್ಲಿ ಕಲಿತಿರಿ, ಎಷ್ಟು ವರ್ಷ? ಮೂಲಿಕೆ ಬೇರೆಯಾಗಿ ಕಲಿತಿದ್ದೀರಾ? ನೋಂದಣಿ ಸಂಖ್ಯೆ ಏನು? ಒಳ್ಳೆಯ ಚಿಕಿತ್ಸಕರು ಈ ಪ್ರಶ್ನೆಗಳಿಗೆ ಮುನಿಸಿಕೊಳ್ಳುವುದಿಲ್ಲ. ಅವರೇ ನಿಮ್ಮನ್ನು ಹೆಚ್ಚು ಕೇಳುತ್ತಾರೆ: ಯಾವ ಮಾತ್ರೆ, ಯಾವ ಅಲರ್ಜಿ, ಯಾವ ಶಸ್ತ್ರಚಿಕಿತ್ಸೆ. ‘ಆಸ್ಪತ್ರೆಯ ಮಾತ್ರೆ ನಿಲ್ಲಿಸಿ’ ಎನ್ನುವವರಿಂದ ಮಾತ್ರ ಅಂದೇ ದೂರವಾಗಿ.

ಮೊದಲ ಭೇಟಿಗೆ ಹೋಗುವಾಗ ನೀವು ನುಂಗುವ ಮಾತ್ರೆಗಳ ಪಟ್ಟಿಯನ್ನು, ಪ್ರಮಾಣದ ಸಮೇತ, ಎರಡು ಪ್ರತಿ ಬರೆದುಕೊಂಡು ಹೋಗಿ. ಒಂದನ್ನು ಚಿಕಿತ್ಸಕರಿಗೆ ಕೊಡಿ. ಮೂಲಿಕೆ ಕೊಟ್ಟರೆ ಪ್ರತಿ ಸಾಮಗ್ರಿಯ ಚೀನೀ ಹೆಸರು, ಲ್ಯಾಟಿನ್ ಹೆಸರು, ಗ್ರಾಂ ಲೆಕ್ಕವನ್ನು ಇನ್ನೊಂದು ಪ್ರತಿಯ ಹಿಂಬದಿಯಲ್ಲಿ ಅವರ ಕೈಯಲ್ಲೇ ಬರೆಸಿಕೊಳ್ಳಿ. ಅದನ್ನು ನಿಮ್ಮ ವೈದ್ಯರಿಗೆ ತೋರಿಸುವವರೆಗೆ ಪೊಟ್ಟಣ ಬಿಚ್ಚದೆ ಹಾಗೇ ಇರಲಿ.